ಮಾತಾಡ್ತಾ ಓಡೋರ ಗುಂಪು

ಕೇಳುಗರಿಗೆ ನಮಸ್ಕಾರ.

ಹೋದ ಡಿಸೆಂಬರಿನ ಒಂದು ಭಾನುವಾರ. ದೇವರಾಯನದುರ್ಗದ ತಪ್ಪಲಲ್ಲಿ ನಾವು ಹತ್ತು ಹನ್ನೊಂದು ಜನ ಓಡುತ್ತಿದ್ದೆವು. ಎದುರಿಗೆ ಮೇಕೆ ಹೊಡೆದುಕೊಂಡು ಬರುತ್ತಿದ್ದ ಅಜ್ಜ ಒಬ್ಬರು ನಿಂತು ನೋಡಿದರು. ನಮ್ಮನ್ನಲ್ಲ, ನಮ್ಮ ಹಿಂದೆ. "ಯಾರೂ ಅಟ್ಟಿಸ್ಕೊಂಡು ಬರ್ತಿಲ್ವಲ್ಲ ಸಾಮಿ, ಯಾಕಿಂಗೆ ಓಡ್ತೀರಾ?" ಅಂದರು. ನಮ್ಮಲ್ಲಿ ಒಬ್ಬರಿಗೂ ನೆಟ್ಟಗೆ ಉತ್ತರ ಹೊಳೆಯಲಿಲ್ಲ. ಹಲ್ಲು ಕಿರಿದು ಮುಂದೆ ಹೋದೆವು. ಆ ಉತ್ತರ ಇವತ್ತು ಹೇಳೋಣ ಅಂತ ಬಂದಿದ್ದೇನೆ, ಅಜ್ಜ ರೇಡಿಯೋ ಹಾಕಿದ್ದಾರೋ ಇಲ್ಲವೋ.

ಇದು ರೇಸ್ ಅಲ್ಲ. ಮೆಡಲ್ ಇಲ್ಲ, ಎದೆಗೆ ನಂಬರ್ ಇಲ್ಲ. ತುಮಕೂರಿನಿಂದ ಬೆಳಗ್ಗೆ ಬೈಕು ಕಾರುಗಳಲ್ಲಿ ಬಂದು, ಕಾಡಂಚಿನ ಬಂಡಿ ಜಾಡು ಹಿಡಿದು ಮೂರು ಗಂಟೆ ಓಡುತ್ತೇವೆ. ಎಷ್ಟು ಕಿಲೋಮೀಟರ್ ಅಂತ ಕೇಳಬೇಡಿ. ಟಾರು ರಸ್ತೆಯ ಲೆಕ್ಕ ಇಲ್ಲಿ ನಡೆಯೋದಿಲ್ಲ. ಕಲ್ಲು, ಕೊರಕಲು, ಏರು ಬಂದರೆ ನಡೆಯುತ್ತೇವೆ, ಅದರಲ್ಲಿ ನಾಚಿಕೆ ಏನಿಲ್ಲ. ಇಳಿಜಾರಿನಲ್ಲಿ ಮಾತ್ರ ಹುಷಾರು. ಹತ್ತುವಾಗ ಉಸಿರು ಹೋಗುತ್ತೆ, ಇಳಿಯುವಾಗ ತೊಡೆ ಹೋಗುತ್ತೆ. ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಎಳೆದುಕೊಂಡೇ ಮೈಭಾರ ತಡೆಯಬೇಕಲ್ಲ, ಅದಕ್ಕೇ ಮಾರನೇ ದಿನ ಮೆಟ್ಟಿಲು ಇಳಿಯೋಕೆ ಗೋಡೆ ಹಿಡಿಯಬೇಕಾಗುತ್ತೆ.

ನಮ್ಮಲ್ಲಿ ಇರೋದು ಒಂದೇ ನಿಯಮ. ಮಾತು ನಿಲ್ಲಬಾರದು. ಓಡುತ್ತಾ ಓಡುತ್ತಾ ಒಂದು ಪೂರ್ತಿ ವಾಕ್ಯ ಹೇಳೋಕೆ ಆಗದಷ್ಟು ಏದುಸಿರು ಬಂದರೆ ನೀವು ಜಾಸ್ತಿ ಜೋರಾಗಿ ಓಡ್ತಿದ್ದೀರಿ ಅಂತ ಅರ್ಥ. ಇದಕ್ಕೆ ದುಬಾರಿ ಕೈಗಡಿಯಾರ ಬೇಕಿಲ್ಲ, ಪಕ್ಕದಲ್ಲಿ ಒಬ್ಬ ಮಾತುಗಾರ ಇದ್ದರೆ ಸಾಕು. ನಮ್ಮ ಗುಂಪಿನಲ್ಲಿ ಒಬ್ಬರು ರಿಟೈರ್ ಆದ ಭೂಗೋಳದ ಮೇಷ್ಟ್ರಿದ್ದಾರೆ. ಈ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಬಡಗಲಿಗೆ ಹೋಗಿ ಉತ್ತರ ಪಿನಾಕಿನಿ ಸೇರುತ್ತೆ, ಶಿಂಷಾ ತೆಂಕಲಿಗೆ ಹೋಗಿ ಕಾವೇರಿ ಸೇರುತ್ತೆ ಅಂತ ನಾನು ಕಲಿತದ್ದು ಅವರ ಬೆನ್ನ ಹಿಂದೆ ಓಡುತ್ತಾ. ಅಕ್ಕಪಕ್ಕ ಬಿದ್ದ ಎರಡು ಮಳೆ ಹನಿ, ಒಂದು ಆಂಧ್ರಕ್ಕೆ, ಇನ್ನೊಂದು ತಮಿಳುನಾಡಿಗೆ. ನಾಮದ ಚಿಲುಮೆಯ ಕಥೆಯಂತೂ ಪ್ರತಿ ಸಲ ಹೇಳುತ್ತಾರೆ. ರಾಮನಿಗೆ ಹಣೆಗೆ ನಾಮ ಇಡೋಕೆ ನೀರು ಬೇಕಾಯಿತು, ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು. ಅಷ್ಟು ಹೇಳುವಷ್ಟರಲ್ಲಿ ಒಂದು ಏರು ಮುಗಿದಿರುತ್ತೆ!

ಮಾತು ಬೇಕು ಅನ್ನೋದಕ್ಕೆ ಇನ್ನೊಂದು ಕಾರಣ ಕರಡಿ. ತಮಾಷೆ ಅಲ್ಲ. ಈ ಕಡೆ ಕರಡಿ, ಚಿರತೆ ಎರಡೂ ಇವೆ. ಕರಡಿ ಗೆದ್ದಲಿಗೋಸ್ಕರ ಹುತ್ತ ಬಗೆಯುತ್ತಾ ಕೂತರೆ ಅದಕ್ಕೆ ಬೇರೆ ಗ್ಯಾನ ಇರೋದಿಲ್ಲ. ನಾವು ಸದ್ದಿಲ್ಲದೆ ಹತ್ತಿರ ಹೋಗಿಬಿಟ್ಟರೆ ಬೆಚ್ಚಿ ಮೇಲೆ ಬೀಳುತ್ತೆ. ದೂರದಿಂದಲೇ ನಮ್ಮ ಹರಟೆ ಕೇಳಿಸಿದರೆ ತಾನೇ ಜಾಗ ಬಿಡುತ್ತೆ. ಹಾಗಾಗಿ ಬಿಸಿಲು ಬಿದ್ದ ಮೇಲೇ ಹೊರಡುತ್ತೇವೆ, ಕಿವಿಗೆ ಹಾಡು ಸಿಕ್ಕಿಸಿಕೊಳ್ಳೋದಿಲ್ಲ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಕಾಡಿನ ಒಳಗಂತೂ ಕಾಲಿಡೋದಿಲ್ಲ.

ಇಷ್ಟೆಲ್ಲ ಹೇಳಿದ ನಾನೇ ಆವತ್ತು ನಿಯಮ ಮುರಿದೆ. 1938ರಲ್ಲಿ ಕ್ವಾಲಾಲಂಪುರದಲ್ಲಿ ಕೆಲವು ಬ್ರಿಟಿಷರು ಸೇರಿ ಒಂದು ಓಟದ ಕೂಟ ಶುರು ಮಾಡಿದ್ದರು. ಒಬ್ಬ ಮೊಲ, ಉಳಿದವರು ಬೇಟೆನಾಯಿ. ಮೊಲ ಮುಂದೆ ಹೋಗಿ ಗುರುತು ಬಿಡಬೇಕು, ಮಿಕ್ಕವರು ಹುಡುಕಿಕೊಂಡು ಓಡಬೇಕು. ಈಗ ಆ ಥರದ ಕೂಟಗಳಲ್ಲಿ ಹಿಟ್ಟು ಚೆಲ್ಲಿ ಗುರುತು ಮಾಡುತ್ತಾರೆ. ನಮಗೂ ಆಸೆಯಾಯಿತು. ಒಬ್ಬರು ಮೊದಲೇ ಹೋಗಿ ಕವಲು ಸಿಕ್ಕಲ್ಲೆಲ್ಲ ಒಂದು ಹಿಡಿ ಅಕ್ಕಿಹಿಟ್ಟು ಹಾಕಿ ಬಂದರು. ಕವಲಲ್ಲಿ ಎಲ್ಲರೂ ಕೂಡಿದ ಮೇಲೇ ಮುಂದಕ್ಕೆ ಅಂತ ಮಾತಾಗಿತ್ತು. ನನಗೆ ಆವತ್ತು ಕಾಲು ಹಗುರ, ಹುಮ್ಮಸ್ಸು ಬೇರೆ. ಕಾಯದೆ ಓಡಿಬಿಟ್ಟೆ. ಮೂರನೇ ಕವಲಲ್ಲಿ ಹಿಟ್ಟೇ ಇರಲಿಲ್ಲ. ಬಲಕ್ಕೆ ತಿರುಗಿದೆ.

ಹತ್ತು ನಿಮಿಷ ಕಳೆದ ಮೇಲೆ ಗೊತ್ತಾಯಿತು, ಹಿಂದೆ ಯಾರ ಸದ್ದೂ ಇಲ್ಲ. ಎರಡೂ ಕಡೆ ಲಂಟಾನದ ಪೊದೆ. ಜಾಡಿನ ಪಕ್ಕದಲ್ಲೇ ಒಂದು ಹುತ್ತ, ಅರ್ಧ ಬಗೆದಿತ್ತು. ಮಣ್ಣು ಇನ್ನೂ ಹಸಿಯಾಗಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಬಾಯಿ ಒಣಗಿತು. ಮಾತಾಡಬೇಕು ಅಂತ ನೆನಪಾಯಿತು, ಆದರೆ ಯಾರ ಹತ್ತಿರ? ಗಟ್ಟಿಯಾಗಿ ಹದಿಮೂರರ ಮಗ್ಗಿ ಶುರು ಮಾಡಿದೆ. ಹದಿಮೂರೊಂಬತ್ಲ ಎಷ್ಟು ಅಂತ ಮರೆತು ಮತ್ತೆ ಮೊದಲಿಂದ ಹೇಳುತ್ತಾ ಬಂದ ದಾರೀಲೇ ವಾಪಸ್ ನಡೆದೆ.

ಕವಲಲ್ಲಿ ಎಲ್ಲರೂ ನಿಂತಿದ್ದರು. ಮಗ್ಗಿ ಅವರಿಗೆ ದೂರದಿಂದಲೇ ಕೇಳಿಸಿತ್ತಂತೆ. ಯಾರೂ ಬೈಯಲಿಲ್ಲ. ಮೇಷ್ಟ್ರು ಮಾತ್ರ "ನೂರ ಹದಿನೇಳು" ಅಂದರು. ಹಿಟ್ಟು ಏನಾಯಿತು ಅಂತ ನೋಡಿದರೆ ನೆಲದ ತುಂಬ ಮೇಕೆಯ ಗೊರಸಿನ ಗುರುತು. ಅಜ್ಜನ ಮೇಕೆಗಳು ಬೆಳಗಿನ ತಿಂಡಿ ಮುಗಿಸಿದ್ದವು.

ನಮ್ಮ ತಿಂಡಿ ಕ್ಯಾತ್ಸಂದ್ರದಲ್ಲಿ. ತಟ್ಟೆ ಇಡ್ಲಿ, ಮೇಲೆ ಬೆಣ್ಣೆ. ಕೂತಾಗಲೇ ಕಾಲು ನೋಡಿಕೊಂಡಿದ್ದು. ಸಾಕ್ಸಿನ ತುಂಬ ಉತ್ತರಾಣಿ ಬೀಜ, ಅಕ್ಕಿ ಕಾಳಿಗಿಂತ ಸಣ್ಣ, ಮೊನೆ ಕೆಳಗೆ ಮಾಡಿ ನೂಲಿನೊಳಗೆ ಹೊಕ್ಕಿದ್ದವು. ಒಂದೊಂದಾಗಿ ಕಿತ್ತರೂ ಮುಗಿಯಲಿಲ್ಲ. ಮಿಕ್ಕದ್ದನ್ನು ಮನೆಯಲ್ಲಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಒದರಿ ಕೈ ತೊಳೆದುಕೊಂಡೆ.

ಮಳೆ ಬಿದ್ದ ಮೇಲೆ ಆ ಕಲ್ಲಿನ ಸಂದಿಯಲ್ಲಿ ನಾಲ್ಕು ಉತ್ತರಾಣಿ ಗಿಡ ಎದ್ದಿವೆ. ಕೀಳೋಕೆ ಹೋದರೆ ಅಮ್ಮ ಬಿಡಲಿಲ್ಲ. ಗಣೇಶನ ಹಬ್ಬಕ್ಕೆ ಇಪ್ಪತ್ತೊಂದು ಪತ್ರೆಯಲ್ಲಿ ಇದೂ ಒಂದು, ಇರಲಿ ಬಿಡು ಅಂದರು.

ನಮಸ್ಕಾರ.