ಎಕ್ಸ್‌ಕೆಎಸ್‌ಎಸ್ ಕಾರುಗಳು ಒಟ್ಟು ಎಷ್ಟು?

ಕೇಳುಗರಿಗೆ ನಮಸ್ಕಾರ.

ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಒಂದು ಅಪರೂಪದ ಗುಂಪು ಇದೆ. ತಯಾರಿಕೆ ನಿಂತು ದಶಕಗಳೇ ಕಳೆದ ಮೇಲೆ ಅದೇ ಕಂಪನಿ ಅದೇ ಮಾದರಿಯನ್ನು ಮತ್ತೆ ಕಟ್ಟುತ್ತದೆ. ಹಿಂದಿನ ಸರಣಿಯ ಚಾಸಿ ನಂಬರನ್ನೇ ಮುಂದುವರಿಸುತ್ತದೆ. ಇವಕ್ಕೆ ಕಂಟಿನ್ಯುಯೇಷನ್ ಕಾರು ಅಂತ ಹೆಸರು. ಇಂಥವು ಎಷ್ಟು ತಯಾರಾದವು, ಯಾವಾಗ ತಯಾರಾದವು ಅಂತ ಹುಡುಕಲು ಹೊರಟರೆ ಒಂದೇ ಪ್ರಶ್ನೆಗೆ ನಾಲ್ಕು ಉತ್ತರ ಸಿಗುತ್ತವೆ. ಬ್ರಿಟನ್ನಿನ ಜಾಗ್ವಾರ್ ಕಂಪನಿಯ ಎಕ್ಸ್‌ಕೆಎಸ್‌ಎಸ್ ಕಥೆಯನ್ನೇ ನೋಡಿ.

ಜಾಗ್ವಾರ್ ಡಿ-ಟೈಪ್ ಅಪ್ಪಟ ರೇಸ್ ಕಾರು. ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟವನ್ನು 1955, 56, 57ರಲ್ಲಿ ಸತತವಾಗಿ ಗೆದ್ದಿತು. ಆದರೆ 1956ರ ಕೊನೆಗೆ ಕಂಪನಿ ತನ್ನ ಸ್ವಂತ ರೇಸ್ ತಂಡವನ್ನು ನಿಲ್ಲಿಸಿತು. ಮಾರಾಟವಾಗದ ಡಿ-ಟೈಪ್‌ಗಳು ಕಾರ್ಖಾನೆಯಲ್ಲೇ ಉಳಿದಿದ್ದವು. ಅವನ್ನು ರಸ್ತೆಗೆ ಹೊಂದುವಂತೆ ಬದಲಾಯಿಸಿ ಅಮೆರಿಕದಲ್ಲಿ ಮಾರೋಣ ಅಂತ ತೀರ್ಮಾನವಾಯಿತು. ಚಾಲಕನ ತಲೆಯ ಹಿಂದಿದ್ದ ಎತ್ತರದ ರೆಕ್ಕೆ ತೆಗೆದರು. ಎರಡು ಸೀಟುಗಳ ನಡುವಿನ ತಡೆ ಹೋಯಿತು. ಪಕ್ಕದಲ್ಲಿ ಕೂರುವವರಿಗೂ ಒಂದು ಬಾಗಿಲು ಬಂತು. ಅಗಲವಾದ ಗಾಜು, ಮಡಚುವ ಮೇಲ್ಛಾವಣಿ, ಸಣ್ಣ ಬಂಪರ್, ಹಿಂಭಾಗದ ಮೇಲೆ ಲಗೇಜ್ ಕಟ್ಟಲು ಒಂದು ಕಂಬಿ. ಒಳಗಿನ 3.4 ಲೀಟರ್ ಎಂಜಿನ್ ಮಾತ್ರ ಅದೇ ರೇಸ್ ಎಂಜಿನ್. ಇದೇ ಎಕ್ಸ್‌ಕೆಎಸ್‌ಎಸ್.

1957ರ ಫೆಬ್ರವರಿ 12ರ ಸಂಜೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದ ಜಾಗ್ವಾರ್‌ನ ಬ್ರೌನ್ಸ್ ಲೇನ್ ಕಾರ್ಖಾನೆಗೆ ಬೆಂಕಿ ಬಿತ್ತು. 25 ಎಕ್ಸ್‌ಕೆಎಸ್‌ಎಸ್ ಕಟ್ಟುವ ಯೋಜನೆ ಇತ್ತು. ಅವುಗಳಲ್ಲಿ 9 ಸುಟ್ಟುಹೋದವು. ಉಳಿದದ್ದು 16.

ಅಲ್ಲಿಗೆ ಉತ್ತರ 16 ಅಂತ ಬರೆದುಬಿಡಬಹುದಿತ್ತು. ಆದರೆ ಮುಂದೆ ಎರಡು ಡಿ-ಟೈಪ್‌ಗಳನ್ನು ಕಾರ್ಖಾನೆಯಲ್ಲೇ ಎಕ್ಸ್‌ಕೆಎಸ್‌ಎಸ್ ಮಾಡಿಕೊಟ್ಟರು. ಅವನ್ನೂ ಸೇರಿಸಿದರೆ 18. ಆಮೇಲೆ 2016ರಲ್ಲಿ ಜಾಗ್ವಾರ್ ಒಂದು ಸುದ್ದಿ ಕೊಟ್ಟಿತು: ಬೆಂಕಿಯಲ್ಲಿ ಹೋದ ಆ 9 ಕಾರುಗಳ ಜಾಗದಲ್ಲಿ 9 ಹೊಸ ಕಾರು ಕಟ್ಟುತ್ತೇವೆ ಅಂತ. ಆ ಹೊತ್ತಿಗೆ ಜಾಗ್ವಾರ್ ನಮ್ಮ ಟಾಟಾ ಮೋಟರ್ಸ್ ಒಡೆತನಕ್ಕೆ ಬಂದು 8 ವರ್ಷ ಆಗಿತ್ತು. ಈಗ ಹೇಳಿ, ಒಟ್ಟು ಎಷ್ಟು? 25 ಅಂತಲೂ ಹೇಳಬಹುದು, 27 ಅಂತಲೂ ಹೇಳಬಹುದು. ಯಾವುದನ್ನು ಎಣಿಸಿದೆವು ಅಂತ ಬಿಡಿಸಿ ಹೇಳದಿದ್ದರೆ ಯಾವ ಸಂಖ್ಯೆಗೂ ಬೆಲೆ ಇಲ್ಲ.

ಆ 9 ಕಾರು ಕಟ್ಟಿದ ಬಗೆ ನಿಜಕ್ಕೂ ಮೆಚ್ಚುವಂಥದ್ದು. ಹಳೆಯ ಅಚ್ಚುಗಳು ಉಳಿದಿರಲಿಲ್ಲ. ಹಾಗಾಗಿ ಬದುಕುಳಿದ ಹಳೆಯ ಕಾರುಗಳನ್ನು ಸ್ಕ್ಯಾನ್ ಮಾಡಿ, ಹೊಸ ಅಚ್ಚು ಮಾಡಿ, ಅದಕ್ಕೆ ಒಪ್ಪುವಂತೆ ಮೆಗ್ನೀಸಿಯಂ ಮಿಶ್ರಲೋಹದ ತಗಡನ್ನು ಕೈಯಿಂದಲೇ ತಿದ್ದಿ ಮೈ ಕಟ್ಟಿದರು. ಒಂದೊಂದು ಕಾರಿಗೂ 2,000ಕ್ಕಿಂತ ಜಾಸ್ತಿ ರಿವೆಟ್. ಒಂದು ಕಾರಿಗೆ ಸುಮಾರು 10,000 ಗಂಟೆಗಳ ಕೆಲಸ ಅಂತ ಕಂಪನಿಯೇ ಅಂದಾಜು ಹೇಳಿತ್ತು. ಇದನ್ನು ನಕಲು ಅಂತ ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಹಾಗಂತ ಇವು 1957ರ ಕಾರುಗಳೂ ಅಲ್ಲ.

ಇನ್ನೊಂದು ಉದಾಹರಣೆ, ಜಾಗ್ವಾರ್‌ನದೇ ಹಗುರ ಇ-ಟೈಪ್. 1963ರಲ್ಲಿ 18 ಕಾರುಗಳಿಗೆ ನಂಬರ್ ಮೀಸಲಿಟ್ಟು 12 ಮಾತ್ರ ಕಟ್ಟಿದ್ದರು. ಉಳಿದ 6 ನಂಬರುಗಳಿಗೆ ಕಾರು ಕಟ್ಟುವುದಾಗಿ 2014ರಲ್ಲಿ ಪ್ರಕಟಿಸಿದರು. ಹಳೆಯ ಕಾರನ್ನು ಸ್ಕ್ಯಾನ್ ಮಾಡಿದ ಮೇಲೆ ಒಂದು ಬದಿಯ ಅಳತೆಯನ್ನು ಮಾತ್ರ ಇಟ್ಟುಕೊಂಡು, ಕನ್ನಡಿಯಲ್ಲಿ ಕಂಡಂತೆ ಅದನ್ನೇ ತಿರುಗಿಸಿ ಇನ್ನೊಂದು ಬದಿ ಮಾಡಿದರು. ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಬರಬಾರದು ಅಂತ. ಕೈಯಲ್ಲಿ ಕಟ್ಟಿದ ಹಳೆಯ ಕಾರಿನಲ್ಲಿ ಆ ಹೊಂದಿಕೆ ಇರುತ್ತಿರಲಿಲ್ಲ. ಅಂದರೆ ಹೊಸದು ಹಳೆಯದಕ್ಕಿಂತ ಅಚ್ಚುಕಟ್ಟು! ಇತಿಹಾಸ ಹುಡುಕುವವರಿಗೆ ಇದು ಒಳ್ಳೆಯ ಸುಳಿವು.

ಕೆಲವು ಮಾದರಿಗಳಲ್ಲಿ ಇದು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಆಸ್ಟನ್ ಮಾರ್ಟಿನ್ ಡಿಬಿ4 ಜಿಟಿ ಝಗಾಟೊ 1960ರಲ್ಲಿ ಬಂತು. ಕಟ್ಟಿದ್ದು 19. ಬಳಸದೆ ಉಳಿದ ನಂಬರುಗಳಲ್ಲಿ 1991ರಲ್ಲಿ ಮತ್ತೆ 4 ಕಾರು ಹುಟ್ಟಿದವು. ಮೈ ಕಟ್ಟಿದ್ದು ಇಟಲಿಯ ಅದೇ ಝಗಾಟೊ ಸಂಸ್ಥೆ. 2000ದಲ್ಲಿ ಇನ್ನೆರಡು ಬಂದವು. 2019ರಲ್ಲಿ ಮತ್ತೆ 19 ಕಾರುಗಳ ಸರದಿ ಶುರುವಾಯಿತು. ಒಂದೇ ಹೆಸರಿನಲ್ಲಿ ನಾಲ್ಕು ಕಂತು. ನಂಬರ್ ನೋಡಿ ಕಾರಿನ ವಯಸ್ಸು ಹೇಳಲು ಹೊರಟರೆ 30 ವರ್ಷ ತಪ್ಪಬಹುದು.

ಈ ವಯಸ್ಸಿನ ಮಾತು ಚಿಕ್ಕದಲ್ಲ. ಅಮೆರಿಕದ ಕಾರು ತಯಾರಕ ಕ್ಯಾರೊಲ್ ಶೆಲ್ಬಿ ತಮ್ಮ ಕೋಬ್ರಾ ಸ್ಪೋರ್ಟ್ಸ್ ಕಾರುಗಳಿಗೆ 1965ರಿಂದ ಉಳಿದಿದ್ದ ಚಾಸಿಗಳನ್ನೇ ಬಳಸುತ್ತಿದ್ದೇನೆ ಅಂದಿದ್ದರು. ಆ ಚಾಸಿಗಳು ಇತ್ತೀಚೆಗೆ ತಯಾರಾದವು ಅಂತ 1993ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ವರದಿ ಮಾಡಿತು. ದೊಡ್ಡ ಗದ್ದಲವಾಯಿತು. ಆಮೇಲಿನ ಕೋಬ್ರಾಗಳಿಗೆ ಸಿಎಸ್‌ಎಕ್ಸ್ 4000 ಅಂತ ಬೇರೆಯೇ ನಂಬರ್ ಸರಣಿ ಬಂತು. ನನ್ನ ಪ್ರಕಾರ ಅದೇ ಸರಿಯಾದ ದಾರಿ. ನೋಡಿದ ತಕ್ಷಣ ಗೊತ್ತಾಗುತ್ತದೆ, ಇದು ಅರವತ್ತರ ದಶಕದ್ದಲ್ಲ ಅಂತ. ಕೊಂಡವರಿಗೂ ಮೋಸ ಇಲ್ಲ, ಕಟ್ಟಿದವರಿಗೂ ಮುಚ್ಚಿಡುವ ಕಷ್ಟ ಇಲ್ಲ.

ಹಳೆಯ ಜಾಗ್ವಾರ್‌ಗಳ ಜಾತಕ ತಿಳಿಯಲು ಒಂದು ದಾರಿ ಇದೆ. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕಾರ್ಖಾನೆಯ ಹಳೆಯ ಲೆಡ್ಜರ್ ನೋಡಿ ಪ್ರಮಾಣಪತ್ರ ಕೊಡುತ್ತದೆ. ಚಾಸಿ, ಎಂಜಿನ್, ಗೇರ್‌ಬಾಕ್ಸ್, ಬಾಡಿ ನಂಬರುಗಳು, ತಯಾರಾದ ದಿನ, ಮೊದಲು ಹೋದ ಡೀಲರ್ ಹೆಸರು, ಎಲ್ಲ ಅದರಲ್ಲಿರುತ್ತವೆ. ರಸ್ತೆಯಲ್ಲಿ ಓಡಿದ ಕಾರಿಗೆ ನೋಂದಣಿ ಕಚೇರಿಯ ದಾಖಲೆಯೂ ಸಿಗುತ್ತದೆ.

ಕಂಟಿನ್ಯುಯೇಷನ್ ಕಾರುಗಳಲ್ಲಿ ಬಹಳಷ್ಟಕ್ಕೆ ಈ ಎರಡನೆಯ ದಾಖಲೆಯೇ ಇಲ್ಲ. ಇಂದಿನ ಸುರಕ್ಷತೆ, ಹೊಗೆ ನಿಯಮಗಳಿಗೆ ಅವು ಒಗ್ಗುವುದಿಲ್ಲ. ಟ್ರ್ಯಾಕ್ ಮೇಲೆ ಮಾತ್ರ ಓಡಿಸಲು ಮಾರುತ್ತಾರೆ. ನಂಬರ್ ಪ್ಲೇಟ್ ಇಲ್ಲ, ನೋಂದಣಿ ಇಲ್ಲ. ಒಬ್ಬರ ಶೆಡ್‌ನಿಂದ ಇನ್ನೊಬ್ಬರ ಶೆಡ್‌ಗೆ ಹೋದರೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಮಾಲೀಕರ ಕ್ಲಬ್ಬುಗಳು ಈಗಲೇ ಬರೆದಿಡಬೇಕು: ಕೆತ್ತಿದ ನಂಬರ್ ಯಾವ ಸರಣಿಯದು, ಕಾರು ಕಟ್ಟಿದ್ದು ಯಾವ ವರ್ಷ, ಮೈ ತಿದ್ದಿದವರು ಯಾರು, ಹಳೆಯ ಕಾರಿನ ಬಿಡಿಭಾಗ ಏನಾದರೂ ಸೇರಿದೆಯಾ. ಆ 9 ಎಕ್ಸ್‌ಕೆಎಸ್‌ಎಸ್‌ಗಳ ತಗಡು ತಿದ್ದಿದವರನ್ನು ಇವತ್ತು ನೇರವಾಗಿ ಹೋಗಿ ಕೇಳಬಹುದು. 1957ರಲ್ಲಿ ಕೆಲಸ ಮಾಡಿದವರನ್ನು ಹಾಗೆ ಕೇಳುವ ಕಾಲ ದಾಟಿಹೋಗುತ್ತಿದೆ.

ನಮಸ್ಕಾರ.