ಹಳೇ ಗೇಮಿಂಗ್ ಕಂಪ್ಯೂಟರ್‌ಗೆ ದುಡ್ಡು ಹಾಕಬೇಕಾ?

ನಮಸ್ಕಾರ. ಹೋದ ವರ್ಷ ಕಕ್ಕಡದ ಜೋರು ಮಳೆಗಾಲದಲ್ಲಿ ನಮ್ಮ ಮನೆಗೆ ಆರು ದಿನ ಕರೆಂಟ್ ಇರಲಿಲ್ಲ. ಮರ ಬಿದ್ದು ಎರಡು ಕಂಬ ಮುರಿದಿದ್ದವು. ಕೊಡಗಿನಲ್ಲಿ ಇದೇನು ಹೊಸ ಸುದ್ದಿಯಲ್ಲ ಬಿಡಿ. ಏಳನೇ ದಿನ ಕರೆಂಟ್ ಬಂತು, ಕಂಪ್ಯೂಟರ್ ಹಾಕಿದೆ, ತಾರೀಖು ನೋಡಿದರೆ 2017ರ ಜನವರಿ 1. ಇಂಟರ್‌ನೆಟ್ ಇದ್ದರೂ ಬ್ರೌಸರ್ ಒಂದು ಪುಟವನ್ನೂ ತೆರೆಯಲಿಲ್ಲ. ತಾರೀಖು ತಪ್ಪಿದ್ದಕ್ಕೇ ಹಾಗೆ. ಒಳಗಿನ ಗಡಿಯಾರ ನಡೆಸುವ ಬಿಲ್ಲೆಯಂಥ ಸೆಲ್ಲು ಸತ್ತು ಹೋಗಿತ್ತು, ಅಷ್ಟೇ. ಸಿಆರ್ 2032 ಅಂತಾರೆ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಆ ತಾರೀಖು ನೋಡಿದ ಮೇಲೆ ನನಗೂ ಅನಿಸಿತು, ಈ ಯಂತ್ರಕ್ಕೆ ವಯಸ್ಸಾಯಿತು ಅಂತ.

ಪಕ್ಕದಲ್ಲೇ ನಿಂತಿದ್ದ ಅಣ್ಣನ ಮಗ ಇದೇ ಸಮಯಕ್ಕೆ ಕಾಯ್ತಾ ಇದ್ದ. "ಚಿಕ್ಕಪ್ಪ, ಗ್ರಾಫಿಕ್ಸ್ ಕಾರ್ಡ್ ಒಂದು ಬದಲಿಸಿದರೆ ಸಾಕು, ಎಲ್ಲ ಸರಿ ಆಗುತ್ತದೆ" ಅಂದ. ಮೈಸೂರಿನ ಅಂಗಡಿಯವನೂ ಫೋನಿನಲ್ಲಿ ಅದನ್ನೇ ಹೇಳಿದ. ಇಬ್ಬರೂ ಒಂದೇ ಮಾತು ಹೇಳಿದಾಗ ನನಗೆ ಸ್ವಲ್ಪ ಅನುಮಾನ ಜಾಸ್ತಿ.

ನಮ್ಮದು ಐ5 7400 ಪ್ರೊಸೆಸರ್, ನಾಲ್ಕು ಕೋರ್. ಗೇಮಿನ ಚಿತ್ರ ಮೂಡಿಸೋಕೆ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 6 ಜಿಬಿಯದು. 8 ಜಿಬಿ ರ್ಯಾಮ್, ಅದೂ ಒಂದೇ ಸ್ಟಿಕ್ಕು. ಮತ್ತೆ ಗರಗರ ಅನ್ನುವ ಹಾರ್ಡ್ ಡಿಸ್ಕ್. 2017ರಲ್ಲಿ ಇದನ್ನು ತಂದಾಗ ಊರಿನ ಹುಡುಗರು ನೋಡೋಕೆ ಬಂದಿದ್ದರು!

ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡೋಣ ಅಂತ ಕೂತೆವು. ಇದಕ್ಕೆ ಕಾಸು ಬೇಡ. ಗೇಮ್ ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ಕಾರ್ಡ್ ಎಷ್ಟು ದುಡಿಯುತ್ತಿದೆ ಅಂತ ನೋಡೋದು. ಕಾರ್ಡ್ 98, 99 ಪರ್ಸೆಂಟ್ ತೋರಿಸಿದರೆ ಸುಸ್ತಾಗಿರೋದು ಕಾರ್ಡೇ. ನಮ್ಮಲ್ಲಿ ಹಾಗಿರಲಿಲ್ಲ. ಅಣ್ಣನ ಮಗ ಆಡೋದು ನೂರು ಜನ ಒಂದೇ ದ್ವೀಪಕ್ಕೆ ಹಾರಿ ಗುಂಡು ಹೊಡೆದುಕೊಳ್ಳುವ ಗೇಮ್. ನಾಲ್ಕು ಕೋರ್‌ಗಳೂ 100ಕ್ಕೆ ಮುಟ್ಟಿದ್ದವು, ಕಾರ್ಡ್ 60ರ ಹತ್ತಿರ ಸುಮ್ನೆ ಕೂತಿತ್ತು. ರೆಸಲ್ಯೂಷನ್ ಅನ್ನು 1080ರಿಂದ 720ಕ್ಕೆ ಇಳಿಸಿದರೂ ಸೆಕೆಂಡಿಗೆ ಬರುವ ಫ್ರೇಮ್ ಏರಲಿಲ್ಲ. ಅಂದರೆ ಕಾರ್ಡಿನ ಕೆಲಸ ಹಗುರ ಮಾಡಿದರೂ ಲಾಭ ಇಲ್ಲ. ಕಾಫಿ ಹಣ್ಣು ಕುಯ್ಯೋಕೆ ನಾಲ್ಕೇ ಜನ ಇರುವ ತೋಟಕ್ಕೆ ಸಿಪ್ಪೆ ಬಿಡಿಸುವ ಪಲ್ಪರ್ ಇನ್ನೊಂದು ತಂದು ಏನು ಮಾಡೋದು ಹೇಳಿ.

ಹಾಗಾದರೆ ಪ್ರೊಸೆಸರ್ ಬದಲಿಸೋಣ ಅಂದರೆ ಅಲ್ಲಿ ಇನ್ನೊಂದು ಗಂಟು. ನಮ್ಮ ಐ5 ಇಂಟೆಲ್‌ನ ಏಳನೇ ತಲೆಮಾರಿನದು. ಅದು ಬೋರ್ಡಿನಲ್ಲಿ ಕೂರುವ ಜಾಗ 1151 ಸಾಕೆಟ್, ಎಂಟನೆಯದೂ 1151 ಸಾಕೆಟ್ಟೇ. ಸಂಖ್ಯೆ ಒಂದೇ, ಹಾಕಿದರೆ ಕೂರುತ್ತದೆ ಕೂಡ, ಆದರೆ ಹಳೇ ಮದರ್‌ಬೋರ್ಡಿನಲ್ಲಿ ನಡೆಯೋದಿಲ್ಲ. ನಮ್ಮ ಬೋರ್ಡಿಗೆ ಹೆಚ್ಚೆಂದರೆ ಸೆಕೆಂಡ್ ಹ್ಯಾಂಡ್ ಐ7 7700 ಹಾಕಬಹುದು. ಅದೂ ಅದೇ 2017ರದ್ದು, ಅದಕ್ಕೂ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೇ ಜೀಪಿಗೆ ಅದೇ ವಯಸ್ಸಿನ ಇನ್ನೊಂದು ಜೀಪಿನ ಇಂಜಿನ್ ಕೂರಿಸೋಕೆ ನನಗಂತೂ ಮನಸ್ಸಾಗಲಿಲ್ಲ.

ಸೋಮವಾರಪೇಟೆಯಲ್ಲಿ ಇವನ ಗೆಳೆಯನ ಮನೆಯಲ್ಲಿ ಅದೇ ಕಾಲದ ಎಎಂಡಿ ರೈಜನ್ ಇದೆ. ಆ ಹುಡುಗ ಪುಣ್ಯ ಮಾಡಿದ್ದ. ಅದರ ಎಎಂ4 ಸಾಕೆಟ್ ವರ್ಷಗಟ್ಟಲೆ ನಡೆಯಿತು. 2017ರ ಎಷ್ಟೋ ಬೋರ್ಡ್‌ಗಳಿಗೆ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ 2022ರಲ್ಲಿ ಬಂದ ಆರು ಕೋರಿನ ರೈಜನ್ 5 5600 ಹಾಕಬಹುದು. ಬೋರ್ಡಿನ ಕಂಪನಿ ಕೊಟ್ಟಿರುವ ಪಟ್ಟಿಯಲ್ಲಿ ಆ ಹೆಸರು ಇದೆಯಾ ಅಂತ ಮೊದಲು ನೋಡಿಕೊಳ್ಳಬೇಕು, ಹಳೇ ಪ್ರೊಸೆಸರ್ ಇರುವಾಗಲೇ ಅಪ್‌ಡೇಟ್ ಮಾಡಿಕೊಳ್ಳಬೇಕು. ದಯವಿಟ್ಟು ಗಾಳಿ ಬೀಸುವ ದಿನ ಮಾತ್ರ ಬಯೋಸ್‌ಗೆ ಕೈ ಹಾಕಬೇಡಿ. ಅಪ್‌ಡೇಟ್ ಅರ್ಧ ಆದಾಗ ಕರೆಂಟ್ ಹೋದರೆ ಬೋರ್ಡೇ ಹೋದ ಹಾಗೆ.

ಇಲ್ಲಿಗೆ ಬಂತು ನೋಡಿ ನಮ್ಮೂರಿನ ಅಸಲಿ ವಿಷಯ. ಬೆಂಗಳೂರಿನವರು ಕೂತು ಯಾವ ಕಾರ್ಡ್ ಚೆನ್ನ ಅಂತ ಚರ್ಚೆ ಮಾಡಬಹುದು. ನಮಗೆ ಮೊದಲು ಕರೆಂಟು, ಆಮೇಲೆ ತೇವ, ಆಮೇಲೆ ಕಾರ್ಡು. ಹಿಂದೊಮ್ಮೆ ಕ್ಯಾಬಿನೆಟ್ ಜೊತೆಗೇ ಬಂದಿದ್ದ ಸಾದಾ ಎಸ್‌ಎಂಪಿಎಸ್ (ಒಳಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ) ಕಾಫಿ ಹೂವಿಗೆ ಬರುವ ಹೂಮಳೆಯ ಮೊದಲ ಗುಡುಗಿಗೇ ಪಟ್ ಅಂತ ಸುಟ್ಟು ಹೋಯಿತು. ಅದರ ಜಾಗಕ್ಕೆ ಅಂಥದ್ದೇ ಇನ್ನೊಂದು ತಂದು ಹಾಕಿದ್ದೆ, ದಡ್ಡತನ. ಹಾಗಿರುವಾಗ ದುಬಾರಿ ಕಾರ್ಡ್ ತಂದು ಅದರ ಮೇಲೆ ಕೂರಿಸೋದು ಕಾಂಡ ಕೊರೆಯುವ ಬೋರರ್ ಹುಳು ಹೊಡೆದ ಗಿಡಕ್ಕೆ ಗೊಬ್ಬರ ಹಾಕಿದ ಹಾಗೆ ಅಲ್ವಾ.

ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದಾ ಅಂತ ಒಮ್ಮೆ ನೋಡಿ. ಜುಮ್ ಅಂದರೆ ಅರ್ಥಿಂಗ್ ಸರಿ ಇಲ್ಲ. ನಮ್ಮ ಮನೆಯದು ಅಜ್ಜನ ಕಾಲದ ವೈರಿಂಗ್. ಎಲೆಕ್ಟ್ರಿಷಿಯನ್ ಬಂದು ಹೊಸ ಗುಂಡಿ ತೆಗೆದು ಉಪ್ಪು ಇದ್ದಿಲು ಹಾಕಿ ಅರ್ಥಿಂಗ್ ಮಾಡಿದ ಮೇಲೆ ಜುಮ್ ನಿಂತಿತು. ಇದನ್ನೂ ನಾನು ಅಪ್‌ಗ್ರೇಡ್ ಖರ್ಚಿಗೇ ಬರೆದಿದ್ದೇನೆ, ಅಣ್ಣನ ಮಗ ಒಪ್ಪೋದಿಲ್ಲ.

ಯುಪಿಎಸ್ ಬಗ್ಗೆ ಒಂದು ಮಾತು. 600 ವಿಎ ಅಂತ ಬರೆದಿದ್ದರೆ ಅದು 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್. ಅದೂ ಕೆಲವೇ ನಿಮಿಷ. ಗೇಮ್ ಮುಗಿಸೋಕಲ್ಲ, ಸೇವ್ ಮಾಡಿ ಆಫ್ ಮಾಡೋಕೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದೆಯಾ ನೋಡಿ, ಅದರಲ್ಲಿ ಬದಲಾವಣೆ ಬೇಗ ಆಗುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗೋದು ತಪ್ಪುತ್ತದೆ.

ತೇವದ ಕಥೆ ನಿಮಗೆ ನಾನು ಹೇಳಬೇಕಾ. ಬೀರುವಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು ಬರುವ ಊರು ನಮ್ಮದು. ಮಳೆಗಾಲದಲ್ಲಿ ಕಂಪ್ಯೂಟರನ್ನು ಮುಚ್ಚಿಟ್ಟು ಕಾಪಾಡೋದಕ್ಕಿಂತ ದಿನಾ ಸ್ವಲ್ಪ ಹೊತ್ತು ಓಡಿಸೋದೇ ಒಳ್ಳೆಯದು, ಒಳಗೆ ಬೆಚ್ಚಗಿರುತ್ತದೆ. ಸ್ಕ್ರೀನ್ ಬರಲಿಲ್ಲ ಅಂತ ಹೊಸ ಬೋರ್ಡ್ ತರೋಕೆ ಹೊರಡುವ ಮೊದಲು, ಪ್ಲಗ್ ಕಿತ್ತು, ರ್ಯಾಮ್ ತೆಗೆದು, ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಹಾಕಿ ನೋಡಿ. ನನಗೆ ಇದು ಎರಡು ಸಲ ಮೈಸೂರು ಪ್ರಯಾಣ ಉಳಿಸಿದೆ.

ಕೊನೆಗೆ ನಾವು ಮಾಡಿದ್ದು ಇಷ್ಟು. ಒಳ್ಳೇ ಕಂಪನಿಯ 550 ವ್ಯಾಟ್ ಎಸ್‌ಎಂಪಿಎಸ್, ಒಂದು ಯುಪಿಎಸ್, ಹಾರ್ಡ್ ಡಿಸ್ಕಿಗಿಂತ ಬೇಗ ಓಡುವ ಒಂದು ಎಸ್‌ಎಸ್‌ಡಿ. ಮೂರೂ ನಾಳೆ ಹೊಸ ಬೋರ್ಡ್ ಬಂದರೂ ಜೊತೆಗೆ ಬರುವ ಸಾಮಾನು. ಇನ್ನೊಂದು 8 ಜಿಬಿ ಡಿಡಿಆರ್4 ರ್ಯಾಮ್ ಸ್ಟಿಕ್ಕನ್ನೂ ಆಗಲೇ ತಂದಿದ್ದೆವು, ಅದು ನಮ್ಮ ಅದೃಷ್ಟ. ಆಮೇಲೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆ ಹೆಚ್ಚಿ 2025ರ ಕೊನೆಯ ತಿಂಗಳುಗಳಲ್ಲಿ ರ್ಯಾಮ್ ಬೆಲೆ ಎಲ್ಲಿಗೋ ಹೋಯಿತು. ಹಾಗಾಗಿಯೇ ಬೋರ್ಡು, ಪ್ರೊಸೆಸರ್ ತಗೊಳ್ಳುವಾಗಲೂ ಎಎಂಡಿಯ ಹೊಸ ಎಎಂ5 ಸಾಕೆಟ್ ಬೇಡ ಅಂತ ನನ್ನ ಲೆಕ್ಕ. ಅದಕ್ಕೆ ಹೊಸ ತಲೆಮಾರಿನ ಡಿಡಿಆರ್5 ರ್ಯಾಮ್ ಬಿಟ್ಟು ಬೇರೆ ಆಗೋದಿಲ್ಲ. ಎಎಂ4 ಬೋರ್ಡ್, ಅದೇ 5600, ಕೈಯಲ್ಲಿರುವ ಇದೇ ರ್ಯಾಮ್. ಹೊಸ ರುಚಿ ಏನಿಲ್ಲ, ಹೊಟ್ಟೆ ತುಂಬುತ್ತದೆ.

ಹುಡುಗನ ಕಡೆಯಿಂದಲೂ ಒಂದು ನ್ಯಾಯ ಇದೆ, ಅದನ್ನು ಮುಚ್ಚಿಡಬಾರದು. ಈಚೆಗೆ ಕೆಲವು ಗೇಮ್‌ಗಳು ರೇ ಟ್ರೇಸಿಂಗ್ (ಬೆಳಕು ನೆರಳನ್ನು ನಿಜದ ಹಾಗೆ ಮೂಡಿಸುವ ವಿಧಾನ) ಇಲ್ಲದ ಕಾರ್ಡಿನಲ್ಲಿ ತೆರೆಯೋದೇ ಇಲ್ಲ. 2025ರಲ್ಲಿ ಬಂದ ಡೂಮ್ ಹಾಗೆಯೇ. 1060 ಎಷ್ಟು ಒಳ್ಳೆಯದಿದ್ದರೂ ಅದು 2016ರಲ್ಲಿ ಬಂದ ಕಾರ್ಡ್. ಒಂದಲ್ಲ ಒಂದು ದಿನ ಅದೂ ಹೋಗಬೇಕು. ಅಗ್ಗಕ್ಕೆ ಸಿಗುತ್ತದೆ ಅಂತ ಹಗಲೂ ರಾತ್ರಿ ಕ್ರಿಪ್ಟೋ ಮೈನಿಂಗಿಗೆ ದುಡಿದ ಕಾರ್ಡ್ ತರೋದು ಮಾತ್ರ ಬೇಡ ಅಂದಿದ್ದೇನೆ. ಬಿಲ್ಲು ವಾರಂಟಿ ಇಲ್ಲದ ಸಾಮಾನು ಕೆಟ್ಟರೆ ಘಟ್ಟ ಇಳಿದು ಯಾರನ್ನು ಕೇಳೋದು?

ಮೊನ್ನೆ ಸಂಜೆ ಬೆಟ್ಟದ ಕಡೆ ಮೋಡ ಕಟ್ಟಿ ಗುಡುಗು ಶುರುವಾಯಿತು. ಯುಪಿಎಸ್ ಎರಡು ಸಲ ಬೀಪ್ ಅಂದಿತು. ನಾನು ಎದ್ದು ಹೋಗುವಷ್ಟರಲ್ಲಿ ಅವನೇ ಆಟ ನಿಲ್ಲಿಸಿ, ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ರೌಟರಿನ ವೈರನ್ನೂ ತೆಗೆದಿದ್ದ. ಆಮೇಲೆ ಬಂದು ಜಗಲಿಯಲ್ಲಿ ಕೂತು, "ಚಿಕ್ಕಪ್ಪ, ಕಾರ್ಡ್ ಯಾವಾಗ?" ಅಂದ. ಅಟ್ಟದಲ್ಲಿ ಇನ್ನೂ ಎರಡು ಚೀಲ ಕರಿಮೆಣಸಿದೆ, ಬೆಲೆ ನೋಡ್ತಾ ಇದ್ದೇನೆ ಮಾರಾಯ ಅಂದೆ. ಈಗ ಅವನು ಗೇಮಿನ ಸ್ಕೋರ್ ಬಿಟ್ಟು ದಿನಾ ಬೆಳಿಗ್ಗೆ ಮೆಣಸಿನ ರೇಟ್ ಹೇಳುತ್ತಿದ್ದಾನೆ.