ಮನೆಗೆ ಬಂದ ಜಿಲೇಬಿ ಮೀನಿಗೆ ಚಿಟಿಕೆ ಊಟ

ಕೇಳುಗರಿಗೆಲ್ಲ ನಮಸ್ಕಾರ.

ಬೇಸಿಗೆ ಬಂತೆಂದರೆ ನಮ್ಮ ಬಾಗಲಕೋಟೆ ಸುತ್ತಮುತ್ತ ಮಕ್ಕಳು ಮೀನಿನ ಮರಿ ಹಿಡಿದು ಮನೆಗೆ ತರುವುದು ಶುರುವಾಗುತ್ತದೆ. ಆಲಮಟ್ಟಿಯ ಹಿನ್ನೀರು ಹಿಂದೆ ಸರಿಯುತ್ತದೆ. ಘಟಪ್ರಭೆಯ ದಂಡೆಯ ತಗ್ಗುಗಳಲ್ಲಿ ಮೊಣಕಾಲುದ್ದ ಇದ್ದ ನೀರು ಪಾದ ಮುಳುಗುವಷ್ಟಾಗುತ್ತದೆ. ಅಲ್ಲಿ ಸಿಕ್ಕಿಬಿದ್ದ ಮರಿಗಳು ಕೊಕ್ಕರೆಯ ಪಾಲು, ಇಲ್ಲವೇ ಬಿಸಿಲಿನ ಪಾಲು. ಅವನ್ನು ಎತ್ತಿ ತರುವುದು ಒಳ್ಳೆಯ ಕೆಲಸವೇ. ಆದರೆ ನೀರಿಲ್ಲದೆ ಸಾಯಬೇಕಿದ್ದ ಮೀನು ನಮ್ಮ ಮನೆಯಲ್ಲಿ ಊಟ ಜಾಸ್ತಿಯಾಗಿ ಸಾಯುತ್ತದೆ. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ ಮಾತು. ಚಿಟಿಕೆ ಊಟ ಸಾಕು.

ಮೊದಲು ಗುರುತು ಹಿಡಿಯೋಣ. ಹೀಗೆ ಸಿಗುವ ಮರಿ ಬಹಳ ಸಲ ತಿಲಾಪಿಯಾ, ಪೇಟೆಯಲ್ಲಿ ಜಿಲೇಬಿ ಮೀನು ಅನ್ನುತ್ತೇವಲ್ಲ, ಅದು. ಮೂಲ ಊರು ಆಫ್ರಿಕಾ. ನಮ್ಮ ದೇಶಕ್ಕೆ ತಂದದ್ದು 1952ರಲ್ಲಿ. ಗಾಜಿನ ಲೋಟದಲ್ಲಿ ಒಂದು ಮರಿ ಹಾಕಿ ಬೆಳಕಿಗೆ ಹಿಡಿಯಿರಿ. ಬೆನ್ನಿನ ಮೇಲೆ ಒಂದೇ ಉದ್ದನೆಯ ರೆಕ್ಕೆ, ಮುಂದಿನ ಭಾಗದಲ್ಲಿ ಸಾಲಾಗಿ 15ರಿಂದ 18 ಮುಳ್ಳು. ಕಟ್ಲಾ, ರೋಹು ಮೀನಿನ ಬೆನ್ನಿನ ರೆಕ್ಕೆಯಲ್ಲಿ ಹೀಗೆ ಚುಚ್ಚುವ ಮುಳ್ಳಿನ ಸಾಲು ಇರುವುದಿಲ್ಲ. ಮೀನು ಸ್ವಲ್ಪ ದೊಡ್ಡದಿದ್ದರೆ ಪಕ್ಕೆಯ ಮೇಲಿನ ಗೆರೆ ನೋಡಿ. ಅದು ಒಂದೇ ಎಳೆಯಾಗಿ ಓಡುವುದಿಲ್ಲ. ಮೇಲೆ ಒಂದು ತುಂಡು, ಬಾಲದ ಕಡೆ ಸ್ವಲ್ಪ ಕೆಳಗೆ ಇನ್ನೊಂದು ತುಂಡು. ಬಾಲದ ರೆಕ್ಕೆಯಲ್ಲಿ ಅಡಿಯಿಂದ ಮುಡಿಯವರೆಗೆ ನೀಟಾದ ಪಟ್ಟೆಗಳಿದ್ದರೆ ನೈಲ್ ತಿಲಾಪಿಯಾ. ಪಟ್ಟೆ ಇಲ್ಲದೆ, ಬೆಳೆದ ಗಂಡು ಕಪ್ಪಾಗಿ ಗಂಟಲ ಕೆಳಗೆ ಬೆಳ್ಳಗಾದರೆ ಮೊಜಾಂಬಿಕ್ ತಿಲಾಪಿಯಾ. ಸಾಕುವ ರೀತಿ ಎರಡಕ್ಕೂ ಒಂದೇ.

ಈಗ ನವನಗರದ ಒಂದು ಮನೆಯ ಕಥೆ ಹೇಳುತ್ತೇನೆ. ನಮ್ಮ ಓಣಿಯದೇ ಮನೆ. ಹೋದ ಮೇ ತಿಂಗಳು ಆ ಮನೆಯ ಮೊಮ್ಮಕ್ಕಳು ಏಳು ಮರಿ ತಂದರು. ಅಟ್ಟದ ಮೇಲಿದ್ದ ಎರಡು ಅಡಿಯ ಹಳೇ ಗಾಜಿನ ತೊಟ್ಟಿ ಇಳಿಸಿ, ತೊಳೆದು, ನೀರು ತುಂಬಿ ಬಿಟ್ಟರು. ಕಟ್ಲಾ ಮರಿ ಅಂದುಕೊಂಡಿದ್ದರು. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು, ಹೋಗಿ ನೋಡಿ ಜಿಲೇಬಿ ಎಂದು ಹೇಳಿ ಬಂದೆ. ಊಟದ ಬಗ್ಗೆ ಆವತ್ತೇ ಹೇಳಬೇಕಿತ್ತು, ಹೇಳಲಿಲ್ಲ.

ಮೂರನೇ ದಿನ ಬೆಳಿಗ್ಗೆ ಆ ಮನೆಯ ಆಯಿ ನಮ್ಮ ಬಾಗಿಲಿಗೇ ಬಂದರು. "ಅಕ್ಕೋರ, ಪಾಪ ಮೀನು ಭಾಳ ಹಸದಾವ್ರಿ. ಮ್ಯಾಲ ಬಂದು ಬಾಯಿ ತಗ್ಯಾಕತ್ತಾವ. ಎಷ್ಟ್ ಹಾಕಿದ್ರೂ ಸಾಲವಲ್ದು ನೋಡ್ರಿ" ಅಂದರು. ಓಡಿ ಹೋದೆ. ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ತಳದಲ್ಲಿ ಬೆರಳು ದಪ್ಪ ಜೋಳದ ರೊಟ್ಟಿಯ ಚೂರು, ನೆಂದು ಉಬ್ಬಿಕೊಂಡಿತ್ತು. ಮೂಗಿಗೆ ಹುಳಿ ವಾಸನೆ. ಏಳೂ ಮೀನು ಮೇಲೆ ತೇಲಿ, ಬಾಯಿ ಮಾತ್ರ ನೀರಿನಿಂದ ಹೊರಗಿಟ್ಟು ಪಕ್‌ಪಕ್ ಅನ್ನುತ್ತಿದ್ದವು. ಆಯಿ ಕೈಯಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು.

ಅದು ಹಸಿವಲ್ಲ. ಉಸಿರು ಕಟ್ಟಿದ್ದು. ದಯವಿಟ್ಟು ಇದನ್ನು ನೆನಪಿಡಿ. ಮೀನು ಮೇಲೆ ಬಂದು ಬಾಯಿ ತೆಗೆಯುತ್ತಲೇ ಇದ್ದರೆ ಊಟ ಕೇಳುತ್ತಿಲ್ಲ, ನೀರು ಕೆಟ್ಟಿದೆ ಎಂದು ಹೇಳುತ್ತಿದೆ. ಬಚ್ಚಲ ಹತ್ತಿರ ಹಿಂದಿನ ದಿನ ತುಂಬಿಟ್ಟ ಬ್ಯಾರಲ್ ನೀರಿತ್ತು. ತಳದ ರೊಟ್ಟಿಯನ್ನು ಪೈಪಿನಿಂದ ಎಳೆದು, ಅರ್ಧ ನೀರು ತೆಗೆದು, ಬ್ಯಾರಲ್ ನೀರು ಹಾಕಿದೆವು. ಸಂಜೆ ಮತ್ತೊಮ್ಮೆ ಹಾಗೇ ಮಾಡಿದೆವು. ಎರಡು ಹೋದವು. ಐದು ಉಳಿದವು. ಆಯಿ ಆ ಎರಡನ್ನು ಕರಿಬೇವಿನ ಬುಡಕ್ಕೆ ಹುಗಿದು, "ನಾನ ಕೊಂದಂಗಾತಲ್ರಿ" ಅಂತ ಕೂತುಬಿಟ್ಟರು. ಬಂದವರ ತಾಟಿಗೆ ಇನ್ನೊಂದು ರೊಟ್ಟಿ ಹಾಕದೆ ಬಿಡದ ಕೈ ಅದು. ಮೀನಿಗೆ ಅದೇ ಕೈ ವಿಷವಾಗುತ್ತದೆ.

ಯಾಕೆ ಅಂದರೆ, ಉಳಿದ ಊಟ ಮತ್ತು ಮೀನಿನ ಹೊಲಸು ಎರಡೂ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಈ ಅಮೋನಿಯಾವನ್ನು ತಿಂದು ನೀರನ್ನು ಸರಿಯಿಡುವ ಸಣ್ಣ ಜೀವಿಗಳು ತೊಟ್ಟಿಯ ನೀರು ಸೋಸುವ ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಯಲ್ಲಿ ಅವು ಇರುವುದೇ ಇಲ್ಲ. ಮೇ ತಿಂಗಳ ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಹಾಗಾಗಿ ಮೊದಲ ಆರು ವಾರ ದಿನಕ್ಕೆ ಒಂದೇ ಚಿಟಿಕೆ. ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ನಿಲ್ಲುವಷ್ಟು. ಎರಡು ನಿಮಿಷದಲ್ಲಿ ಖಾಲಿಯಾಗಬೇಕು. ಉಳಿದರೆ ನಾಳೆ ಇನ್ನೂ ಕಡಿಮೆ. ಅಂಗಡಿಯಲ್ಲಿ ಸಿಗುವ ಮೀನಿನ ಕಾಳು ಆಗುತ್ತದೆ, ಬೇಯಿಸಿದ ಪಾಲಕ ಸೊಪ್ಪಿನ ಚೂರೂ ಆಗುತ್ತದೆ. ರೊಟ್ಟಿ, ಅನ್ನ, ಬಿಸ್ಕೀಟು ಬೇಡವೇ ಬೇಡ.

ಹೊತ್ತು ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಬಿಟ್ಟು ಹಾಕಿ, ಕ್ಲೋರಿನ್ ಹಾರಿಹೋಗಲಿ. ಆ ಸಣ್ಣ ಜೀವಿಗಳಿರುವ ಸ್ಪಂಜನ್ನು ನಲ್ಲಿ ಕೆಳಗೆ ತಿಕ್ಕಬೇಡಿ, ತೆಗೆದ ತೊಟ್ಟಿ ನೀರಲ್ಲೇ ಹಿಂಡಿ. ಆ ನೀರು ಗಿಡಕ್ಕೆ ಒಳ್ಳೆಯ ಗೊಬ್ಬರ. ಇದು ಅಂಗೈ ಮೀರಿ ಬೆಳೆಯುವ ಮೀನು. ಎರಡು ಅಡಿಯ ತೊಟ್ಟಿ ಕೆಲವೇ ತಿಂಗಳು. ಆಮೇಲೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು ಬೇಕು, ಸುಮಾರು 250 ಲೀಟರ್. ಹಿತ್ತಲಿನ ಸಿಮೆಂಟ್ ತೊಟ್ಟಿ ಇದ್ದರೆ ಇನ್ನೂ ಚೆನ್ನ, ಮೇಲೆ ಬಲೆ ಮುಚ್ಚಿ. ದೊಡ್ಡದಾಯಿತು ಅಂತ ಕೃಷ್ಣೆಗೋ ಘಟಪ್ರಭೆಗೋ ಕೆರೆಗೋ ಬಿಡಬೇಡಿ. ಹೊರಗಿನಿಂದ ಬಂದ ಮೀನು ಇದು, ನಮ್ಮ ನೀರಿನ ಮೀನುಗಳ ಜಾಗ, ಊಟ ಎರಡನ್ನೂ ಕಿತ್ತುಕೊಳ್ಳುತ್ತದೆ. ಚಳಿಗಾಲದಲ್ಲಿ ನೀರು ತಣ್ಣಗಾದಾಗ ಅದರ ಹೊಟ್ಟೆಯೂ ನಿಧಾನ. ಆಗ ಅರ್ಧ ಚಿಟಿಕೆ.

ಇನ್ನೊಂದು, ಹೆಣ್ಣು ಮೀನು ಗದ್ದ ಉಬ್ಬಿಸಿಕೊಂಡು ಊಟ ಬಿಟ್ಟು ಮೂಲೆ ಸೇರಿದರೆ ಕಾಯಿಲೆ ಎಂದು ಔಷಧಿ ಸುರಿಯಬೇಡಿ. ಅದರ ಬಾಯಲ್ಲಿ ಮೊಟ್ಟೆ ಇರುತ್ತವೆ. ಎರಡು ವಾರ, ಒಮ್ಮೊಮ್ಮೆ ಅದಕ್ಕಿಂತ ಜಾಸ್ತಿ, ಬಾಯಲ್ಲೇ ಇಟ್ಟು ಮರಿ ಮಾಡುತ್ತದೆ. ಮರಿಗಳು ಹೊರಗೆ ಬಂದ ಮೇಲೂ ನೆರಳು ಬಿದ್ದರೆ ಸಾಕು, ತಾಯಿಯ ಬಾಯೊಳಗೆ ನುಗ್ಗುತ್ತವೆ. ಈ ವರ್ಷ ಆಯಿಯ ಮನೆಯಲ್ಲಿ ಅದನ್ನೇ ನೋಡಿದೆವು. ಎಷ್ಟೋ ದಿನ ಆ ತಾಯಿ ಏನೂ ತಿನ್ನಲಿಲ್ಲ. ಆಯಿ ಬೆಳಿಗ್ಗೆ ಎದ್ದು ತೊಟ್ಟಿ ಮುಂದೆ ಕೂರುತ್ತಿದ್ದರು, ಸೆರಗಿನಲ್ಲಿ ಕೈ ಸುತ್ತಿಕೊಂಡು.

ನಮಸ್ಕಾರ.